ಕಿಲುಬು ಯಾವುದು, ಪೊರೆ ಯಾವುದು?

ಹಬ್ಬ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲೂ ದೇವಾಲಯಗಳಲ್ಲೂ ಹಿತ್ತಾಳೆ, ತಾಮ್ರದ ವಸ್ತುಗಳೆಲ್ಲ ಹೊರಗೆ ಬರುತ್ತವೆ. ಹುಣಸೆಹಣ್ಣಿನ ರಸ ಸವರಿ, ಬೂದಿಯಿಂದ ಉಜ್ಜಿ, ನೀರು ಸುರಿದರೆ ಕಪ್ಪಡರಿದ್ದ ಮೇಣದಬತ್ತಿಯ ಕಂಬಗಳು ಹೊನ್ನಿನಂತೆ ಹೊಳೆಯತೊಡಗುತ್ತವೆ. ಹೊಳಪೇ ಶುದ್ಧಿಯ ಗುರುತೆಂದು ನಾವು ಎಳವೆಯಿಂದಲೇ ಕಲಿತಿದ್ದೇವೆ. ದಿನಬಳಕೆಯ ಪಾತ್ರೆಗಳ ಮಟ್ಟಿಗೆ ಇದು ಸರಿಯೇ. ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಬೇಯಿಸಬಾರದೆಂದು ಬಲ್ಲ ನಮ್ಮ ಅಜ್ಜಿಯರ ವಿವೇಕ ದೊಡ್ಡದು. ಆದರೆ ಅದೇ ಹುಣಸೆಹಣ್ಣು ಎರಡು ಸಾವಿರ ವರ್ಷ ಹಳೆಯದಾದ ನಾಣ್ಯದ ಮೇಲೆ ಬಿದ್ದರೆ ಶುದ್ಧಿಯ ಬದಲು ನಾಶವೇ ಸಂಭವಿಸುತ್ತದೆ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸಿ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ಸಂಗ್ರಾಹಕರಿಗಾಗಿ ಪ್ರಾಚೀನ ನಾಣ್ಯಗಳನ್ನು ಶುಚಿಗೊಳಿಸಿ ಕೊಡುತ್ತಿದ್ದೇನೆ. ಮನೆಯ ಹಿಂಭಾಗದ ಚಿಕ್ಕ ಕೋಣೆ, ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಕೆಲವು ಗಾಜಿನ ಬಟ್ಟಲುಗಳು: ಇಷ್ಟೇ ನನ್ನ ಕಾರ್ಯಾಗಾರ. ಈ ಕೆಲಸಕ್ಕೆ ಬೇಕಾದ ಮುಖ್ಯ ಸಾಧನ ತಾಳ್ಮೆಯೆಂದು ಹಲವರು ಹೇಳುವುದುಂಟು. ತಾಳ್ಮೆ ಬೇಕು, ನಿಜ. ಆದರೆ ಅದಕ್ಕಿಂತಲೂ ಹೆಚ್ಚಾಗಿ ಬೇಕಾದದ್ದು, ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ.

ತಾಮ್ರವಾಗಲಿ ಕಂಚಾಗಲಿ ಮಣ್ಣಿನಲ್ಲಿ ಹುದುಗಿದಾಗ ತೇವ, ಗಾಳಿ ಮತ್ತು ಲವಣಗಳೊಡನೆ ಸೇರಿ ಮೆಲ್ಲಮೆಲ್ಲನೆ ತಾನು ಹುಟ್ಟಿಬಂದ ಅದಿರಿನ ರೂಪಕ್ಕೆ ಮರಳತೊಡಗುತ್ತದೆ. ಲೋಹದ ಮೈಗೆ ತಾಗಿ ಕೆಂಪು ಬಣ್ಣದ ಕ್ಯುಪ್ರೈಟ್ ಎಂಬ ಆಕ್ಸೈಡ್ ಉಂಟಾಗುತ್ತದೆ. ಅದರ ಮೇಲೆ ಹಸಿರು ಬಣ್ಣದ ಮ್ಯಾಲಕೈಟ್, ಕೆಲವೊಮ್ಮೆ ನೀಲಿಯ ಅಝುರೈಟ್ ಬೆಳೆಯುತ್ತವೆ. ಈ ಬೆಳವಣಿಗೆ ನಿಧಾನವಾಗಿಯೂ ಸಮನಾಗಿಯೂ ನಡೆದಲ್ಲಿ ನಾಣ್ಯದ ಸುತ್ತ ಗಟ್ಟಿಯಾದ, ನಯವಾದ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಸಂಗ್ರಾಹಕರು ಇದನ್ನು ಪ್ಯಾಟಿನ ಎನ್ನುತ್ತಾರೆ. ಆಶ್ಚರ್ಯದ ಸಂಗತಿಯೆಂದರೆ, ಟಂಕಸಾಲೆಯ ಅಚ್ಚು ಅಂದು ಮೂಡಿಸಿದ ಅಕ್ಷರಗಳೂ ಅರಸನ ಮುಖದ ಗೆರೆಗಳೂ ಅನೇಕ ವೇಳೆ ಇಂದು ಉಳಿದಿರುವುದು ಈ ಪೊರೆಯಲ್ಲಿಯೇ. ಒಳಗಿನ ಲೋಹ ಸವೆದು ತರಿತರಿಯಾಗಿರುತ್ತದೆ. ಹುಣಸೆಯ ಆಮ್ಲ ಪೊರೆಯನ್ನು ಕರಗಿಸಿದರೆ ಅಕ್ಷರವೂ ಮುಖವೂ ಅದರೊಡನೆ ಹೋಗುತ್ತವೆ. ಕೈಯಲ್ಲಿ ಉಳಿಯುವುದು ಹೊಳೆಯುವ, ಆದರೆ ಮಾತು ಕಳೆದುಕೊಂಡ ಒಂದು ಬಿಲ್ಲೆ ಮಾತ್ರ.

ಹಾಗಾದರೆ ಹಸಿರು ಕಂಡಲ್ಲೆಲ್ಲ ಕೈಕಟ್ಟಿ ಕೂರಬೇಕೇ? ಅದೂ ಸಲ್ಲದು. ಹಸಿರಿನಲ್ಲಿ ಇನ್ನೊಂದು ಬಗೆಯಿದೆ. ಸಂರಕ್ಷಣಕಾರರು ಅದನ್ನು ಕಂಚಿನ ರೋಗ ಎಂದು ಕರೆಯುತ್ತಾರೆ. ಮಣ್ಣಿನ ಉಪ್ಪಿನಿಂದ ಬಂದ ಕ್ಲೋರೈಡ್, ತಾಮ್ರದೊಡನೆ ಸೇರಿ ಪೊರೆಯ ಅಡಿಯಲ್ಲಿ ಅಡಗಿ ಕುಳಿತಿರುತ್ತದೆ. ಅದಕ್ಕೆ ತೇವವೂ ಗಾಳಿಯೂ ತಾಗಿದ ಕೂಡಲೇ ತಿಳಿಹಸಿರಿನ ಹಿಟ್ಟಿನಂಥ ಪುಡಿ ಉಕ್ಕುತ್ತದೆ. ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಆ ಆಮ್ಲ ಮತ್ತಷ್ಟು ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೀಗೆ ಈ ಚಕ್ರ ನಿಲ್ಲದೆ ತಿರುಗುತ್ತದೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಾರ್ಸೆಲಾನ್ ಬೆರ್ತೆಲೊ 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಇದನ್ನು ವಿವರಿಸಿದ್ದರು. ಇದು ಜೀವಾಣುವಿನಿಂದ ಬರುವ ಸೋಂಕಲ್ಲ. ಇಂಥ ನಾಣ್ಯದ ಒಳಗೇ ಮಲಗಿರುವ ಉಪ್ಪನ್ನು ತೇವವು ಎಬ್ಬಿಸುತ್ತದೆ, ಅಷ್ಟೆ. ಮಲೆನಾಡಿನ ಮಳೆಗಾಲದಲ್ಲಿ ಒಂದೆರಡು ವಾರದಲ್ಲಿಯೇ ನಾಣ್ಯದ ಮೇಲೆ ಹುಣ್ಣುಗಳು ಎದ್ದಿರುವುದನ್ನು ನಾನು ಕಂಡಿದ್ದೇನೆ.

ಪೊರೆಯೂ ಹಸಿರು, ರೋಗವೂ ಹಸಿರು. ಒಂದು ನಾಣ್ಯವನ್ನು ಕಾಯುತ್ತದೆ, ಇನ್ನೊಂದು ತಿನ್ನುತ್ತದೆ. ಹುಣಸೆಹಣ್ಣಿಗೆ ಈ ಭೇದ ತಿಳಿಯದು; ಎರಡನ್ನೂ ಒಂದೇ ಸಮನೆ ತೆಗೆದುಹಾಕುತ್ತದೆ. ಭೇದ ತಿಳಿಯಬೇಕಾದದ್ದು ಮನುಷ್ಯನ ಕಣ್ಣಿಗೆ. ಗಟ್ಟಿಯಾಗಿ ನಯವಾಗಿ ಮೈಗಂಟಿರುವುದನ್ನು ಬಿಡಬೇಕು. ಪುಡಿಪುಡಿಯಾಗಿ ಉದುರುವುದನ್ನು ತೆಗೆಯಬೇಕು. ಈ ಒಂದು ಮಾತನ್ನು ಹೇಳಲು ಒಂದು ಕ್ಷಣ ಸಾಕು. ಕೈಗೆ ಕಲಿಸಲು ವರ್ಷಗಳೇ ಬೇಕು.

ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಣ್ಣು ಮೆತ್ತಿದ ಕಂಚಿನ ನಾಣ್ಯವನ್ನು ಮೊದಲು ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕುತ್ತೇನೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಬೇಡ. ದಿನಕ್ಕೊಮ್ಮೆ ನೀರು ಬದಲಿಸುತ್ತ ವಾರಗಟ್ಟಲೆ ಕಾಯಬೇಕಾಗುತ್ತದೆ. ಮಣ್ಣು ಸಡಿಲಗೊಂಡ ಮೇಲೆ ಮೆದುವಾದ ಕುಂಚ, ಬಳಿಕ ಮರದ ಕಡ್ಡಿ ಅಥವಾ ಮುಳ್ಳಿನ ಮೊನೆ, ತೀರ ಅಗತ್ಯವಾದಲ್ಲಿ ಮಾತ್ರ ಸೂಕ್ಷ್ಮದರ್ಶಕದ ಕೆಳಗೆ ಸೂಜಿ. ಕೆಲವರು ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಅದು ಮಣ್ಣನ್ನು ಸಡಿಲಿಸುವುದು ನಿಜವಾದರೂ ಅದರೊಳಗಿನ ಆಮ್ಲ ತಾಮ್ರವನ್ನೂ ಸಣ್ಣಗೆ ಮೆಲ್ಲುತ್ತದೆ. ಜಿಡ್ಡು ರಂಧ್ರಗಳಲ್ಲಿ ಉಳಿಯುತ್ತದೆ. ವಿದ್ಯುತ್ ಹರಿಸಿ ಕೆಲವೇ ನಿಮಿಷಗಳಲ್ಲಿ ಎಲ್ಲವನ್ನೂ ಕಳಚಿಹಾಕುವ ವಿಧಾನವೂ ಇದೆ. ಅವಸರದ ವ್ಯಾಪಾರಿಗಳಿಗೆ ಅದು ಪ್ರಿಯ. ಆದರೆ ಒಮ್ಮೆ ಕಳಚಿದ ಪೊರೆಯನ್ನು ಯಾರೂ ಮರಳಿ ತೊಡಿಸಲಾರರು. ಕೃತಕ ಬಣ್ಣ ಹಚ್ಚಿ ತೊಡಿಸಿದಂತೆ ನಟಿಸಬಹುದು, ಅಷ್ಟೆ. ರೋಗದ ಕಲೆಯಿದ್ದರೆ ಪುಡಿಯನ್ನು ಕೆರೆದು ತೆಗೆದು, ಬೆನ್ಜೋಟ್ರಯಜೋಲ್ ಎಂಬ ರಾಸಾಯನಿಕದ ದ್ರಾವಣದಲ್ಲಿರಿಸಿ, ಚೆನ್ನಾಗಿ ಒಣಗಿಸಿ, ತೆಳುವಾದ ಮೇಣ ಸವರುತ್ತೇನೆ. ಆ ರಾಸಾಯನಿಕ ವಿಷಕಾರಿ. ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು. ಮೇಣವನ್ನು ಮುಂದೆ ಬರುವವರು ಬೇಕೆಂದರೆ ತೆಗೆಯಬಹುದು. ನಾವು ಮಾಡಿದ್ದನ್ನು ನಾಳೆ ನಮಗಿಂತ ಬಲ್ಲವನೊಬ್ಬ ಹಿಂದೆಗೆಯಲು ಸಾಧ್ಯವಾಗಬೇಕೆಂಬುದು ಈ ವಿದ್ಯೆಯ ಒಂದು ಮುಖ್ಯ ನಿಯಮ.

ಬೆಳ್ಳಿಯ ಸ್ವಭಾವ ಬೇರೆ. ರೋಮನ್ನರ ಬೆಳ್ಳಿ ನಾಣ್ಯವಾದ ದಿನಾರಿಯಸ್ ನಮ್ಮ ನಾಡಿಗೂ ಅಪರಿಚಿತವಲ್ಲ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಬಳಿ ರೈಲುಮಾರ್ಗಕ್ಕಾಗಿ ನೆಲ ಅಗೆಯುವಾಗ ಇಂಥ 163 ನಾಣ್ಯಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಸಮೀಪ 256 ನಾಣ್ಯಗಳ ಇನ್ನೊಂದು ನಿಧಿ ಸಿಕ್ಕಿತು. ದಕ್ಷಿಣ ಭಾರತಕ್ಕೆ ಬಂದ ದಿನಾರಿಯಸ್‌ಗಳಲ್ಲಿ ಬಹುಪಾಲು ಅಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳವು. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯ ಅಂಶವನ್ನೂ ತಗ್ಗಿಸಿದನು. ಅದಕ್ಕೂ ಹಿಂದಿನ ಒಳ್ಳೆಯ ಬೆಳ್ಳಿಯನ್ನೇ ನಮ್ಮ ವರ್ತಕರು ಮೆಚ್ಚಿದ್ದರು. ಭಾರತದಲ್ಲಿ ದೊರೆತ ರೋಮನ್ ನಾಣ್ಯಗಳಲ್ಲಿ ಕೆಲವಕ್ಕೆ ಚಕ್ರವರ್ತಿಯ ತಲೆಯ ಮೇಲೆಯೇ ಉಳಿಯ ಏಟು ಬಿದ್ದಿದೆ. ಒಳಗೂ ಬೆಳ್ಳಿಯೇ ಇದೆಯೋ ಎಂದು ಯಾವನೋ ವ್ಯಾಪಾರಿ ಪರೀಕ್ಷಿಸಿರಬಹುದು. ಆ ಗಾಯವನ್ನು ಸರಿಪಡಿಸಿ ಕೊಡಿರೆಂದು ಕೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಗಾಯವೂ ನಾಣ್ಯದ ಚರಿತ್ರೆಯೇ. ಅದು ಕೊಳೆಯಲ್ಲ.

ಟೈಬೀರಿಯಸ್‌ನ ದಿನಾರಿಯಸ್ ಕೈಗೆ ಬಂದಾಗ ಕ್ರೈಸ್ತನಾದವನಿಗೆ ಒಂದು ಕ್ಷಣ ಮನಸ್ಸು ನಿಲ್ಲುತ್ತದೆ. ತೆರಿಗೆಯ ಪ್ರಶ್ನೆ ಎದ್ದಾಗ ಯೇಸುಸ್ವಾಮಿ ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುಖ ಯಾರದೆಂದು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಅದು ಈ ಬಗೆಯ ನಾಣ್ಯವೇ ಆಗಿದ್ದಿರಬೇಕೆಂದು ಬಹುಮಂದಿ ವಿದ್ವಾಂಸರು ಊಹಿಸುತ್ತಾರೆ. ಒಂದು ಬದಿಯಲ್ಲಿ ಲಾರೆಲ್ ಎಲೆಗಳ ಮಾಲೆ ಮುಡಿದ ಚಕ್ರವರ್ತಿಯ ತಲೆ. ದೈವತ್ವಕ್ಕೇರಿದ ಅಗಸ್ಟಸ್‌ನ ಮಗನೆಂದು ಅವನನ್ನು ಹೊಗಳುವ ಅಕ್ಷರಗಳು. ಇನ್ನೊಂದು ಬದಿಯಲ್ಲಿ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಕುಳಿತ ಸ್ತ್ರೀ. ಅವನೇ ಪ್ರಧಾನ ಯಾಜಕನೆಂಬ ಬಿರುದು. ದ್ರಾಕ್ಷಾತೋಟದ ಆಳುಗಳ ಸಾಮತಿಯಲ್ಲಿ ದಿನದ ಕೂಲಿಯಾಗಿ ಬರುವುದೂ ಇದೇ ದಿನಾರಿಯಸ್. ಬೆಳ್ಳಿಯ ಕಪ್ಪನ್ನು ಪೂರ್ತಿ ತೆಗೆದರೆ ಈ ಮುಖ ಬೋಳಾಗಿ ಕಾಣುತ್ತದೆ. ಅಕ್ಷರಗಳ ಸಂದಿಯಲ್ಲಿ ಸ್ವಲ್ಪ ಕಪ್ಪು ಉಳಿದಾಗಲೇ ಗೆರೆಗಳು ಎದ್ದುಬರುತ್ತವೆ. ಇನ್ನು ಮೂರನೆಯ ಶತಮಾನದ ನಾಣ್ಯಗಳದು ಮತ್ತೊಂದು ಕಥೆ. ಗ್ಯಾಲಿಯೆನಸ್ ಚಕ್ರವರ್ತಿಯ ಕೊನೆಯ ವರ್ಷಗಳಲ್ಲಿ ಬೆಳ್ಳಿಯ ಅಂಶ ನೂರಕ್ಕೆ 5 ಪಾಲಿಗಿಂತಲೂ ಕೆಳಗಿಳಿದಿತ್ತು. ಮೇಲ್ಮೈಯಲ್ಲಿ ಮಾತ್ರ ಬೆಳ್ಳಿಯ ಛಾಯೆ. ಅದನ್ನು ಜೋರಾಗಿ ಉಜ್ಜಿದರೆ ಕ್ಷಣದಲ್ಲಿ ತಾಮ್ರ ಬಯಲಾಗುತ್ತದೆ.

ನಮ್ಮ ಧರ್ಮಕೇಂದ್ರದ ವಯೋವೃದ್ಧೆಯೊಬ್ಬರು ಒಮ್ಮೆ ನನ್ನ ಬಳಿಗೆ ಬಂದರು. ಪವಿತ್ರ ನಾಡಿನ ಯಾತ್ರೆಗೆ ಹೋಗಿದ್ದ ಮೊಮ್ಮಗ ಅವರಿಗೆಂದು ತಂದಿದ್ದ ಚಿಕ್ಕ ತಾಮ್ರದ ನಾಣ್ಯ ಅವರ ಸೆರಗಿನ ಗಂಟಿನಲ್ಲಿತ್ತು. ಇಸ್ರೇಲಿನಲ್ಲಿ 1978ರ ಪುರಾವಸ್ತು ಕಾನೂನಿನಂತೆ ಪರವಾನಗಿ ಪಡೆದ ಅಂಗಡಿಗಳು ಮಾತ್ರ ಇಂಥವನ್ನು ಮಾರಬಹುದು. ಹೊರದೇಶಕ್ಕೆ ಒಯ್ಯಲು ಅನುಮತಿ ಬೇಕು. ಹುಡುಗ ಕಾಗದಪತ್ರಗಳನ್ನೆಲ್ಲ ಸರಿಯಾಗಿ ತಂದಿದ್ದ.

“ಮೇಷ್ಟ್ರೇ, ಇದು ಆ ಬಡ ವಿಧವೆ ಕಾಣಿಕೆ ಹಾಕಿದ ಕಾಸಂತೆ. ಥಳಥಳ ಹೊಳೆಯೋ ಹಾಗೆ ಮಾಡಿಕೊಡಿ, ಸರಕ್ಕೆ ಕಟ್ಟಿಸ್ಕೋತೀನಿ” ಎಂದರು.

ಅದು ಕ್ರಿ.ಪೂ. 103ರಿಂದ 76ರವರೆಗೆ ಯೂದಾಯವನ್ನು ಆಳಿದ ಅಲೆಕ್ಸಾಂಡರ್ ಜನ್ನೇಯಸ್‌ನ ಕಾಲದ ಬಗೆಯ ನಾಣ್ಯ. ತೂಕ ಒಂದು ಗ್ರಾಮಿನಷ್ಟೂ ಇರಲಿಲ್ಲ. ಯೇಸುಸ್ವಾಮಿಯ ಕಾಲಕ್ಕೆ ಅದು ಹಳೆಯದಾಗಿದ್ದರೂ ಇಂಥ ಚಿಲ್ಲರೆ ಬಹುಕಾಲ ಕೈಯಿಂದ ಕೈಗೆ ನಡೆದಾಡುತ್ತಲೇ ಇತ್ತು. ವಿಧವೆ ಹಾಕಿದ್ದು ಇಂಥದೇ ಕಾಸು ಆಗಿರಬಹುದು. ಇದೇ ಕಾಸು ಎಂದು ಹೇಳುವುದು ಸುಳ್ಳಾಗುತ್ತದೆ. ಅಷ್ಟನ್ನು ಅವರಿಗೆ ಹೇಳಿ, ನಾಣ್ಯವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದೆ. ಲೋಹ ಬಹುಮಟ್ಟಿಗೆ ಕರಗಿಹೋಗಿತ್ತು. ನಾಣ್ಯವೆಂದು ಉಳಿದದ್ದೇ ಹಸಿರು ಪೊರೆ. ಅದರಲ್ಲಿ ಒಂದು ಲಂಗರಿನ ಕೊಕ್ಕೆ, ಹಿಂಬದಿಯಲ್ಲಿ ನಕ್ಷತ್ರದ ನಾಲ್ಕೈದು ಕಿರಣ. ಇದನ್ನು ಹೊಳೆಯಿಸಲು ಹೊರಟರೆ ಹೊಳೆಯಲು ಏನೂ ಉಳಿಯದು ಎಂದೆ. ಅವರು ಬಹಳ ಹೊತ್ತು ಕಣ್ಣಿಟ್ಟು ನೋಡಿದರು. ಕೊನೆಗೆ, “ಇಷ್ಟು ಸಣ್ಣದಾ! ಇದನ್ನು ಹಾಕಿದ್ದು ಸ್ವಾಮಿಯ ಕಣ್ಣಿಗೆ ಬಿತ್ತಲ್ಲ” ಎಂದರು. ಸರದ ಮಾತನ್ನು ಮತ್ತೆ ಎತ್ತಲಿಲ್ಲ. ಮಣ್ಣಿನ ಎರಡು ಕಣ ತೆಗೆದು, ಮೇಣ ಸವರಿ, ಗಾಳಿಯಾಡದ ಪುಟ್ಟ ಡಬ್ಬಿಯಲ್ಲಿರಿಸಿ ಕೊಟ್ಟೆ.

ಇಲ್ಲಿಯವರೆಗೆ ಹೇಳಿದ್ದು ನಾಣ್ಯದ ಮೈಗೆ ಸಂಬಂಧಿಸಿದ ವಿವೇಚನೆ. ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಅದು ಮಣ್ಣಿಗೆ ಸಂಬಂಧಿಸಿದ್ದು.

ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ನಡೆಸಿದರು. ಅಲ್ಲಿ ಸಾತವಾಹನರ ಕಾಲದ ನಾಣ್ಯಗಳೂ, ಗೂಳಿಯ ಚಿತ್ರವುಳ್ಳ ಮಹಾರಥಿಗಳ ಸೀಸದ ನಾಣ್ಯಗಳೂ, ಜೊತೆಗೆ ರೋಮನ್ ಬೆಳ್ಳಿಯೂ ದೊರೆತವು. ಟೈಬೀರಿಯಸ್‌ನ ನಾಣ್ಯ ಯಾವ ಪದರದಲ್ಲಿ, ಯಾವ ಮಡಕೆಚೂರುಗಳ ಜೊತೆಗೆ ಸಿಕ್ಕಿತೆಂದು ತಿಳಿದಿದ್ದರಿಂದಲೇ ಆ ಪದರದ ಕಾಲವನ್ನು ಅಂದಾಜು ಮಾಡಲು ಸಾಧ್ಯವಾಯಿತು. ಅದೇ ನಾಣ್ಯ ತೊಳೆದು ಒರೆಸಿದ ಸ್ಥಿತಿಯಲ್ಲಿ ಯಾವುದೋ ಅಂಗಡಿಯಲ್ಲಿ ಸಿಕ್ಕಿದ್ದರೆ ಟೈಬೀರಿಯಸ್‌ನ ವಿಷಯವನ್ನಷ್ಟೇ ಹೇಳುತ್ತಿತ್ತು. ಚಂದ್ರವಳ್ಳಿಯ ಬಗ್ಗೆ ಮೂಕವಾಗಿರುತ್ತಿತ್ತು. ಸಂಗ್ರಾಹಕನಿಗೆ ಮಣ್ಣು ಕೊಳೆ. ಇತಿಹಾಸಕ್ಕೆ ಅದು ಸಾಕ್ಷಿ.

ಕೆಲವು ವರ್ಷಗಳ ಹಿಂದೆ ಬಯಲುಸೀಮೆಯ ಹಳ್ಳಿಯೊಂದರ ರೈತರೊಬ್ಬರು ನನ್ನ ವಿಳಾಸ ಕೇಳಿಕೊಂಡು ಬಂದರು. ಮೆಕ್ಕೆಜೋಳದ ಹೊಲದಲ್ಲಿ ಕೃಷಿಹೊಂಡ ತೋಡುವಾಗ ಒಂದು ಪುಟ್ಟ ಮಡಕೆ ಒಡೆದಿತ್ತು. ಅದರೊಳಗಿನ ಸೀಸದ ನಾಣ್ಯಗಳು ಮಣ್ಣಿನೊಡನೆ ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಹಿಡಿಯಷ್ಟನ್ನು ಟವಲ್ಲಿನಲ್ಲಿ ಕಟ್ಟಿ ತಂದಿದ್ದರು. ಬಿಡಿಸಿ ಶುಚಿಮಾಡಿ ಕೊಟ್ಟರೆ ಒಳ್ಳೆಯ ಬೆಲೆ ಕೊಡುವೆನೆಂದು ವ್ಯಾಪಾರಿಯೊಬ್ಬ ಮಾತು ಕೊಟ್ಟಿದ್ದನಂತೆ.

ನಾನು ಅವಕ್ಕೆ ನೀರು ಸೋಕಿಸಲಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂದು 1878ರಷ್ಟು ಹಿಂದೆಯೇ ಕಾನೂನು ಬಂದಿದೆ. ನಮ್ಮ ರಾಜ್ಯಕ್ಕೆ 1962ರ ತನ್ನದೇ ಕಾಯ್ದೆಯಿದೆ. 1972ರ ಪುರಾವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು; ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಇದನ್ನೆಲ್ಲ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು. ಆಮೇಲೆ, “ಎಲ್ಲ ಸರಿ ಮೇಷ್ಟ್ರೇ, ಮಗಳ ನರ್ಸಿಂಗ್ ಕಾಲೇಜಿನ ಫೀಸು ಸೋಮವಾರ ಕಟ್ಟಬೇಕು. ಸರ್ಕಾರ ಸೋಮವಾರಕ್ಕೆ ಕೊಡ್ತದಾ?” ಎಂದರು.

ಆ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿಯೂ ಕಾನೂನಿನಲ್ಲಿಯೂ ಉತ್ತರವಿರಲಿಲ್ಲ. ಹಸಿದವನ ಎದುರಿಗೆ ಇತಿಹಾಸದ ಹಿರಿಮೆಯನ್ನು ಹೊಗಳುವುದು ಸುಲಭ. ಆ ಹಿರಿಮೆಯ ಬೆಲೆಯನ್ನು ಅವನೊಬ್ಬನೇ ತೆರಲಿ ಎನ್ನುವುದು ನ್ಯಾಯವಲ್ಲ. ನಾವು ಮೂವರು ಗೆಳೆಯರು ಸೇರಿ ಫೀಸಿನ ಹಣವನ್ನು ಸಾಲವಾಗಿ ಹೊಂದಿಸಿಕೊಟ್ಟೆವು. ಮರುದಿನ ಅವರೊಡನೆ ನಾನೂ ತಾಲ್ಲೂಕು ಕಚೇರಿಗೆ ಹೋದೆ. ಮಹಜರು ಆಯಿತು, ಹೊಂಡದ ಜಾಗವನ್ನು ಅಳೆದು ಬರೆದುಕೊಂಡರು. ಅವರಿಗೆ ಸಲ್ಲಬೇಕಾದ ಹಣ ಬರಲು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಬಂದದ್ದು ವ್ಯಾಪಾರಿ ಹೇಳಿದ್ದಕ್ಕಿಂತ ಬಹಳ ಕಡಿಮೆ. ಅದಕ್ಕೆ ಮೊದಲೇ ಅವರು ಮೆಕ್ಕೆಜೋಳ ಮಾರಿ ನಮ್ಮ ಸಾಲ ತೀರಿಸಿದ್ದರು.

ಆಮೇಲೆ ಒಮ್ಮೆ ಸಂತೆಯಲ್ಲಿ ಸಿಕ್ಕಾಗ, “ನಿಮ್ಮ ಮಾತು ಕೇಳಿ ನನಗೆ ಲುಕ್ಸಾನು ಆಯ್ತು ಮೇಷ್ಟ್ರೇ” ಎಂದು ನಕ್ಕರು. ನಾನು ಏನು ಹೇಳಲೆಂದು ತಿಳಿಯದೆ ನಿಂತೆ. ಅವರೇ ಮುಂದುವರಿಸಿದರು: “ಬಂದಿದ್ದ ಸಾಹೇಬರು ಹೊಂಡದ ಗೋಡೇಲಿ ದೊಡ್ಡ ಇಟ್ಟಿಗೆ ತೋರ್ಸಿ, ಇಲ್ಲಿ ಹಿಂದೆ ಊರಿತ್ತು ಅಂದ್ರು. ನಮ್ಮಜ್ಜ, ಅವರಜ್ಜ ಎಲ್ಲ ಅದ್ರ ಮೇಲೇ ಉತ್ತವರು. ಯಾರ ಊರು ಮೇಷ್ಟ್ರೇ ಅದು?”

ಆ ಪ್ರಶ್ನೆಯನ್ನು ನಾನು ಮರೆತಿಲ್ಲ. ನಾಣ್ಯಗಳು ಅಂದೇ ನನ್ನ ಬಟ್ಟಲಿನಲ್ಲಿ ಬಿಡಿಬಿಡಿಯಾಗಿ, ಶುಭ್ರವಾಗಿ ಹೊರಬಂದಿದ್ದರೆ ಆ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಂದಿನಿಂದ ಕೆಲಸಕ್ಕೆಂದು ಬರುವ ಪ್ರತಿಯೊಬ್ಬ ಸಂಗ್ರಾಹಕರನ್ನೂ ನಾನು ಮೊದಲು ಕೇಳುವುದು ಒಂದೇ: ಇದು ಎಲ್ಲಿಂದ ಬಂತು? ಯೂರೋಪಿನಲ್ಲಿ, ವಿಶೇಷವಾಗಿ ಬಲ್ಗೇರಿಯ ಮುಂತಾದ ಬಾಲ್ಕನ್ ನಾಡುಗಳಲ್ಲಿ, ಲೋಹಶೋಧಕ ಯಂತ್ರ ಹಿಡಿದವರು ಕಳ್ಳತನದಿಂದ ಅಗೆದ ರೋಮನ್ ನಾಣ್ಯಗಳು ಮಣ್ಣುಸಮೇತ ರಾಶಿರಾಶಿಯಾಗಿ ಮಾರಾಟವಾಗಿವೆ. ದೂರದೇಶದ ಅಡುಗೆಮನೆಯ ಬಚ್ಚಲಲ್ಲಿ ಆ ಮಣ್ಣು ಹರಿದುಹೋಗುವಾಗ ಹಲವು ಊರುಗಳ ಚರಿತ್ರೆಯೂ ಅದರೊಡನೆ ಹರಿದುಹೋಗುತ್ತದೆ. ಉತ್ತರ ತೃಪ್ತಿಕರವಾಗಿರದಿದ್ದರೆ ನಾಣ್ಯವನ್ನು ಹಿಂದಿರುಗಿಸುತ್ತೇನೆ. ಇದರಿಂದ ಕೆಲವರು ಬರುವುದನ್ನು ಬಿಟ್ಟಿದ್ದಾರೆ.

ಓದುಗರ ಮನೆಗಳಲ್ಲಿಯೂ ಅಜ್ಜ ಅಜ್ಜಿಯರು ಬಿಟ್ಟುಹೋದ ನಾಣ್ಯಗಳು ಇರಬಹುದು. ಅವರಿಗಾಗಿ ಕೆಲವು ಮಾತು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳ ಬೆವರಿನಲ್ಲಿಯೂ ಉಪ್ಪಿದೆ. ಹುಣಸೆ, ನಿಂಬೆ, ಬೂದಿ, ಹಲ್ಲುಪುಡಿ ಯಾವುದೂ ಬೇಡ. ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಆಲ್ಬಮ್ಮುಗಳಲ್ಲಿ ಇಡಬೇಡಿ. ಕಾಲಕ್ರಮದಲ್ಲಿ ಅದು ಆಮ್ಲ ಬಿಟ್ಟು ನಾಣ್ಯಕ್ಕೆ ಹಸಿರು ಲೋಳೆ ಅಂಟಿಸುತ್ತದೆ. ಸೀಸದ ನಾಣ್ಯವನ್ನು ಮರದ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ; ಅವುಗಳಿಂದ ಹೊಮ್ಮುವ ಆಮ್ಲದ ಆವಿಗೆ ಸೀಸ ಬಿಳಿಯ ಪುಡಿಯಾಗುತ್ತದೆ. ಆ ಪುಡಿ ವಿಷ. ಮಕ್ಕಳ ಕೈಗೆ ಸಿಗದಿರಲಿ. ಮಳೆಗಾಲದಲ್ಲಿ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪುಟ್ಟ ಚೀಲವಿರಲಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ಒಂದು ಚೀಟಿ ಬರೆದು ನಾಣ್ಯದ ಜೊತೆಗಿಡಿ. ಇದು ಯಾರಿಂದ ಬಂತು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಸಿಕ್ಕಿತು ಎಂಬಷ್ಟನ್ನು ನಿಮಗೆ ತಿಳಿದ ಮಟ್ಟಿಗೆ ಬರೆಯಿರಿ. ನಾಣ್ಯದ ಮೈಯನ್ನು ನನ್ನಂಥವರು ಯಾರಾದರೂ ಶುಚಿಮಾಡಿಕೊಟ್ಟಾರು. ಆ ಚೀಟಿಯ ನಾಲ್ಕು ಸಾಲನ್ನು ಬರೆಯಬಲ್ಲವರು ನಿಮ್ಮ ಮನೆಯ ಹಿರಿಯರು ಮಾತ್ರ. ಅದೂ ಅವರು ಇರುವವರೆಗೆ ಮಾತ್ರ.